ವಯಸ್ಸು 38, ಸೊಂಟದ ಬಾಗು 46 ಡಿಗ್ರಿ: ಈಗಲೇ ಆಪರೇಷನ್ ಮಾಡಿಸಿಬಿಡಲೇ?

ನಿಮಗಿರುವುದು ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆ. ಸೊಂಟದ ಭಾಗದ ಬಾಗು ಎರಡು ವರ್ಷದಲ್ಲಿ 41ರಿಂದ 46 ಡಿಗ್ರಿಗೆ ಏರಿದೆ, ಇನ್ನೂ ಬಾಗುವ ಮುಂಚೆ ಮಾಡಿಸಿಬಿಡೋಣವೇ ಎಂದು ಕೇಳಿದ್ದೀರಿ. ನನ್ನ ಬೆನ್ನಲ್ಲೂ ರಾಡುಗಳಿವೆ, ಹೊಟ್ಟೆಪಾಡಿಗೆ ಮಾಡುವುದೂ ಬೆನ್ನಿನ ಫಿಸಿಯೋಥೆರಪಿಯೇ. ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ: ಆ 46ನ್ನು ನಾನಿನ್ನೂ ನಂಬುವುದಿಲ್ಲ. ನಂಬಿದರೂ ಬರೀ ಅದೊಂದನ್ನೇ ನೋಡಿ ಬೆನ್ನು ಕೊಯ್ಯಿಸಿಕೊಳ್ಳಿ ಎನ್ನುವುದಿಲ್ಲ.

ಸ್ಕೋಲಿಯೋಸಿಸ್ ವಿಷಯದಲ್ಲಿ ಜನ ಪದೇ ಪದೇ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾಗಿನ ಅಳತೆಯಾದ ಕಾಬ್ ಕೋನ ನೋಡುವಾಗ ಬಾಗಿನ ಮೇಲ್ತುದಿಯಲ್ಲಿ ಅತಿ ಹೆಚ್ಚು ವಾಲಿದ ಕಶೇರುವಿನ (ಬೆನ್ನುಮೂಳೆಯ ಒಂದೊಂದು ಬಿಲ್ಲೆಯೂ ಒಂದು ಕಶೇರು) ಮೇಲಂಚಿಗೆ ಒಂದು ಗೆರೆ, ಕೆಳತುದಿಯಲ್ಲಿ ಅತಿ ಹೆಚ್ಚು ವಾಲಿದ್ದರ ಕೆಳಅಂಚಿಗೆ ಇನ್ನೊಂದು ಗೆರೆ ಎಳೆಯುತ್ತಾರೆ. ಎರಡರ ನಡುವಿನ ಕೋನವೇ ನಿಮ್ಮ ವರದಿಯಲ್ಲಿರುವ ಸಂಖ್ಯೆ. ಕಶೇರುಗಳಿಗೆ ಎದೆಭಾಗದಲ್ಲಿ ಟಿ, ಸೊಂಟದಲ್ಲಿ ಎಲ್ ಎಂದು ಮೇಲಿನಿಂದ ಕೆಳಕ್ಕೆ ಸಂಖ್ಯೆ ಕೊಡುತ್ತಾರೆ. ಒಬ್ಬರು ಟಿ11ರಿಂದ ಎಲ್3ರವರೆಗೆ ಅಳೆದು, ಇನ್ನೊಬ್ಬರು ಟಿ12ರಿಂದ ಎಲ್4ರವರೆಗೆ ಅಳೆದರೆ ಅದೇ ಬೆನ್ನಿಗೆ ಬೇರೆ ಲೆಕ್ಕ ಬರುತ್ತದೆ. ಒಂದೇ ಫಿಲ್ಮನ್ನು ಇಬ್ಬರು ಅಳೆದರೂ 5 ಡಿಗ್ರಿ ಆಚೀಚೆ ಆಗುವುದು ಮಾಮೂಲು. ನಿಮ್ಮದು ಏರಿರುವುದೂ ಸರಿಯಾಗಿ ಅಷ್ಟೇ. ಮಲಗಿ ತೆಗೆಸಿದ ಎಕ್ಸ್‌ರೇಯಲ್ಲಿ ಬಾಗು ಕಡಿಮೆ ಕಾಣುತ್ತದೆ, ಎಂಆರ್‌ಐ ಅಂತೂ ಮಲಗಿಸಿಯೇ ತೆಗೆಯುವುದು. ಮೊದಲನೆಯದು ಮಲಗಿದ ಚಿತ್ರ, ಎರಡನೆಯದು ನಿಂತ ಚಿತ್ರವಾಗಿದ್ದರೆ ಬೆನ್ನು ಒಂದಿಷ್ಟೂ ಬದಲಾಗದೆ ಕಾಗದದಲ್ಲಿ ಮಾತ್ರ ಬಾಗು ಏರಿರುತ್ತದೆ.

ಬೆಳವಣಿಗೆ ನಿಂತ ಮೇಲೆ 30 ಡಿಗ್ರಿಗಿಂತ ಚಿಕ್ಕ ಬಾಗುಗಳು ಸಾಮಾನ್ಯವಾಗಿ ಅಲ್ಲಿಯೇ ನಿಲ್ಲುತ್ತವೆ. 50 ದಾಟಿದ ಎದೆಭಾಗದ ಬಾಗುಗಳು ವರ್ಷಕ್ಕೆ 1 ಡಿಗ್ರಿಯ ಆಸುಪಾಸು ಏರುತ್ತವೆ. ಸೊಂಟದ ಬಾಗಿನಲ್ಲಿ ಒಂದು ಕಶೇರು ಇನ್ನೊಂದರ ಮೇಲಿಂದ ಪಕ್ಕಕ್ಕೆ ಜಾರಿದ್ದರೆ ವೇಗ ಹೆಚ್ಚಾಗಬಹುದು, ಆ ಜಾರಿಕೆ ಫಿಲ್ಮಿನಲ್ಲಿ ಕಾಣುತ್ತದೆ. ಅದು ಇಲ್ಲದೆ ಎರಡು ವರ್ಷಕ್ಕೆ 5 ಡಿಗ್ರಿ ಎಂದರೆ ನನಗೆ ಮೊದಲು ಅನುಮಾನ ಬರುವುದು ಅಳತೆಯ ಮೇಲೆ.

ಈಗ ಮಾಡಬೇಕಾದದ್ದು: ಕತ್ತಿನಿಂದ ತೊಡೆಮೂಳೆಯ ಗುಂಡುಗಳವರೆಗೂ ಬರುವಂತೆ ನಿಂತು ಪೂರ್ತಿ ಬೆನ್ನಿನ ಎಕ್ಸ್‌ರೇ ತೆಗೆಸಿ, ಹಿಂದಿನಿಂದ ಒಂದು, ಪಕ್ಕದಿಂದ ಒಂದು. ಚಪ್ಪಲಿ ಬಿಚ್ಚಿ ನಿಲ್ಲಿ, ಮಂಡಿ ನೇರವಾಗಿರಲಿ, ಪಕ್ಕದ ಚಿತ್ರಕ್ಕೆ ಕೈಬೆರಳುಗಳನ್ನು ಕೊರಳೆಲುಬಿನ ಮೇಲೆ ಇಡಿ. ಹಿಂದಿನಿಂದ ಕಿರಣ ಹಾಯಿಸಿದರೆ ಸ್ತನಕ್ಕೆ ತಗಲುವ ಪ್ರಮಾಣ ಕಡಿಮೆ, ಟೆಕ್ನಿಷಿಯನ್ ಹತ್ತಿರ ಬಾಯಿಬಿಟ್ಟು ಕೇಳಿ. ಹಳೆಯದನ್ನೂ ಹೊಸದನ್ನೂ ಒಬ್ಬರೇ ವೈದ್ಯರು, ಅವೇ ಕಶೇರುಗಳನ್ನು ಹಿಡಿದು ಅಳೆಯಲಿ. ಮೊಬೈಲಿನಲ್ಲಿ ತೆಗೆದ ಫಿಲ್ಮಿನ ಫೋಟೋ ಸಾಲದು, ಸಿಡಿ ಕೊಡಿ.

ಪಕ್ಕದ ಚಿತ್ರವನ್ನು ಯಾರೂ ಕೇಳುವುದಿಲ್ಲ, ನೋವಿಗೆ ಕಾರಣ ಎಷ್ಟೋ ಸಲ ಅಲ್ಲೇ ಇರುತ್ತದೆ. ಕತ್ತಿನ ಏಳನೇ ಕಶೇರುವಿನಿಂದ ತೂಗುಗೆರೆ ಎಳೆದರೆ ಅದು ತ್ರಿಕಾಸ್ಥಿಯ (ಸೊಂಟದ ಕಶೇರುಗಳ ಕೆಳಗಿರುವ ತ್ರಿಕೋನ ಮೂಳೆ) ಹಿಂದಿನ ಮೇಲ್ಮೂಲೆಯ ಹತ್ತಿರ ಬೀಳಬೇಕು. 4 ಸೆಂಟಿಮೀಟರಿಗಿಂತ ಮುಂದೆ ಬಿದ್ದರೆ ದೇಹ ಮುಂದಕ್ಕೆ ವಾಲುತ್ತಿದೆ ಎಂದರ್ಥ. ಅಂಥವರನ್ನು ಅಡುಗೆಮನೆಯಲ್ಲೇ ಗುರುತಿಸಬಹುದು: ಸಾರು ಕುದಿಯುವಷ್ಟರಲ್ಲಿ ಮೊಣಕೈಯನ್ನು ಕಟ್ಟೆಗೆ ಊರಿರುತ್ತಾರೆ, ಮಂಡಿ ತುಸು ಮಡಚಿರುತ್ತದೆ. ಸ್ಕೋಲಿಯೋಸಿಸ್‌ಗೆ ಹಿಂದೆ ಹಾಕುತ್ತಿದ್ದ ಹ್ಯಾರಿಂಗ್ಟನ್ ರಾಡಿನ ಕಾಲದಲ್ಲಿ ಬೆನ್ನನ್ನು ಎಳೆದು ನೆಟ್ಟಗೆ ಮಾಡಿ, ಸೊಂಟದ ಸಹಜ ಒಳಬಾಗನ್ನೂ ಚಪ್ಪಟೆ ಮಾಡಿಬಿಡುತ್ತಿದ್ದರು. ಎದುರಿನಿಂದ ನೋಡಿದರೆ ಚೆಂದದ ಬೆನ್ನು, ಆದರೆ ಎಷ್ಟೋ ಜನರಿಗೆ ನೆಟ್ಟಗೆ ನಿಲ್ಲಲಾಗದ ಪಾಡು.

ಹಾಗಾದರೆ ಆಪರೇಷನ್ ಯಾರಿಗೆ? ನಡೆಯುವ ದೂರ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿರುವವರಿಗೆ, ನರ ಒತ್ತಿ ಕಾಲಿನ ಬಲ ಇಳಿಯುತ್ತಿರುವವರಿಗೆ, ದೇಹ ಮುಂದಕ್ಕೋ ಪಕ್ಕಕ್ಕೋ ವಾಲಿ ಕೆಲಸ ನಿಂತವರಿಗೆ, ಬಾಗು ಏರುತ್ತಿರುವುದು ಸರಿಯಾದ ಅಳತೆಯಲ್ಲೇ ಖಚಿತವಾದವರಿಗೆ. ಪಾದ ಎತ್ತಲಾಗದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನೀವು ಬರೆದಿರುವುದು ಸಂಜೆ ಹೊತ್ತಿನ ಸೊಂಟನೋವು ಮಾತ್ರ. ಅದಕ್ಕೆ ಮೊದಲು ಆರು ತಿಂಗಳು ಒಳ್ಳೆಯ ವ್ಯಾಯಾಮ. ಸ್ಕೋಲಿಯೋಸಿಸ್‌ಗೆಂದೇ ಇರುವ ಶ್ರೋತ್ ವ್ಯಾಯಾಮ ಪದ್ಧತಿಯೂ ಆದೀತು, ಆದರೆ ದೊಡ್ಡವರ ಬಾಗನ್ನು ಯಾವ ವ್ಯಾಯಾಮವೂ, ಬೆಲ್ಟೂ, ಮಾಲೀಷೂ ನೇರ ಮಾಡುವುದಿಲ್ಲ. ನೇರ ಮಾಡಿಕೊಡುತ್ತೇನೆ ಎಂದವರಿಗೆ ಮುಂಗಡ ಕೊಡಬೇಡಿ. ಕಾಲಿಗೆ ಇಳಿಯುವ ನೋವಿದ್ದರೆ ಒಂದೇ ನರದ ಬೇರಿಗೆ ಅರಿವಳಿಕೆ ಚುಚ್ಚಿ ನೋಡುತ್ತಾರೆ. ಕೆಲವು ಗಂಟೆ ನೋವು ಮಾಯವಾದರೆ ಅಪರಾಧಿ ಆ ನರವೇ, ಸ್ಕ್ರೂ-ರಾಡು ಹಾಕಿ ಉದ್ದಕ್ಕೂ ಕಶೇರುಗಳನ್ನು ಒಂದೇ ಮೂಳೆಯಾಗಿ ಬೆಸೆಯುವ ಬದಲು ಚಿಕ್ಕ ಆಪರೇಷನ್ ಸಾಕಾಗಬಹುದು. ಆದರೆ ನರದ ಒತ್ತಡ ಬಿಡಿಸಲು ಬಾಗಿನ ನಡುಮಧ್ಯದಲ್ಲಿ ಬರೀ ಮೂಳೆ ಕೆತ್ತಿ, ಬೆಸೆಯದೆ ಬಿಟ್ಟರೆ ಬಾಗು ಹೆಚ್ಚುವ ಅಪಾಯವಿದೆ, ಅದನ್ನೂ ಕೇಳಿ ತಿಳಿದುಕೊಳ್ಳಿ.

ಮಾಡಿಸುವುದೇ ಆದರೆ ಸರ್ಜನ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟು ನೇರ ಆಗುತ್ತದೆ' ಎಂಬುದಲ್ಲ, 'ಬೆಸುಗೆಯನ್ನು ಕೆಳಗೆ ಎಲ್ಲಿ ನಿಲ್ಲಿಸುತ್ತೀರಿ' ಎಂಬುದು. ಎಲ್3 ಅಥವಾ ಎಲ್4ಕ್ಕೆ ನಿಂತರೆ ಕೆಳಗೆ ಬಗ್ಗುವ ಡಿಸ್ಕುಗಳು ಉಳಿಯುತ್ತವೆ, ಜೊತೆಗೆ ಅವು ಬೇಗ ಸವೆಯುವ ಭಯವೂ ಉಳಿಯುತ್ತದೆ. ಸೊಂಟದೆಲುಬಿನವರೆಗೆ ಸ್ಕ್ರೂ ಹಾಕಿದರೆ ಬುಡ ಗಟ್ಟಿ, ಆದರೆ ನೆಲದ ಮೇಲೆ ಕೂತು ಊಟ, ರಂಗೋಲಿ, ಕಾಲಿನ ಉಗುರು ಕತ್ತರಿಸುವುದು, ಶೌಚದ ಮೇಲೆ ತೊಳೆದುಕೊಳ್ಳುವುದು ಎಲ್ಲವೂ ಕಷ್ಟ. ಇದನ್ನು ಆಪರೇಷನ್‌ಗೆ ಮೊದಲು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ರಾಡು ಬೆನ್ನನ್ನು ಹಿಡಿದಿಡುವುದು ಮೂಳೆ ಬೆಸೆಯುವವರೆಗೆ ಮಾತ್ರ. ಬೆಸುಗೆ ಕೂಡದಿದ್ದರೆ, ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಮುರಿಯುವಂತೆ, ಟೈಟಾನಿಯಂ ರಾಡೂ ಒಂದು ದಿನ ಮುರಿಯುತ್ತದೆ. ಬೆಸುಗೆಯ ದೊಡ್ಡ ಶತ್ರು ನಿಕೋಟಿನ್. 'ನಾನು ಸಿಗರೇಟು ಮುಟ್ಟಿಲ್ಲ' ಎನ್ನುವವರ ಎಲೆಅಡಿಕೆ ಚೀಲದಲ್ಲಿ ಕಡ್ಡಿಪುಡಿ ಇರುತ್ತದೆ. ಅದೂ ಲೆಕ್ಕವೇ, ನಶ್ಯವೂ ಲೆಕ್ಕವೇ. ಕನಿಷ್ಠ 6 ವಾರ ಮೊದಲೇ ಬಿಡಬೇಕು, ಬೆಸೆಯುವವರೆಗೂ ಮುಟ್ಟಬಾರದು. ಮೂಳೆಸಾಂದ್ರತೆಯನ್ನು ತೊಡೆ ಸೇರುವ ಸೊಂಟದ ಕೀಲಿನಲ್ಲಿ ನೋಡಿಸಿ. ಸವೆದು ಮುಳ್ಳೆದ್ದ ಬಾಗು ಬೆನ್ನಿನಲ್ಲಿ ನೋಡಿದರೆ ಇರುವುದಕ್ಕಿಂತ ಗಟ್ಟಿಯೆಂದು ಸುಳ್ಳು ಲೆಕ್ಕ ಬರುತ್ತದೆ. ಆ ಪರೀಕ್ಷೆಯ ಅಂಕವಾದ ಟಿ ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಮೊದಲು ಕೆಲವು ತಿಂಗಳು ಮೂಳೆಗೆ ಔಷಧ, ಆಮೇಲೆ ಸ್ಕ್ರೂ.

ಅಮ್ಮನಿಗೆ ಲಕ್ವದ ಭಯ ಎಂದಿದ್ದೀರಿ. ಆಪರೇಷನ್ ಉದ್ದಕ್ಕೂ ನರಗಳ ಸಂಕೇತ ನೋಡುತ್ತಿರುವ ಮಾನಿಟರಿಂಗ್ ಇದೆಯೇ ಎಂದು ಕೇಳಿ, ಇಲ್ಲ ಎಂದರೆ ಬೇರೆ ಕಡೆ ಹೋಗಿ. ನಿಮ್ಮಂಥ ಬಾಗಿಗೆ ಅಪಾಯ ಚಿಕ್ಕದು. ದೊಡ್ಡ, ಜಟಿಲ ವಿರೂಪಗಳ ಕಥೆ ಬೇರೆ: ಸ್ಕೋಲಿ-ರಿಸ್ಕ್-1 ಎಂಬ ಅಧ್ಯಯನದಲ್ಲಿ ಅಂಥವರ ಪೈಕಿ ನೂರಕ್ಕೆ 22 ಜನರಿಗೆ ಮನೆಗೆ ಹೊರಡುವಾಗ ಕಾಲಿನ ಬಲ ಮೊದಲಿಗಿಂತ ಕಡಿಮೆಯಿತ್ತು, ಆರು ತಿಂಗಳಿಗೆ ಅದು ಸುಮಾರು 11ಕ್ಕೆ ಇಳಿದಿತ್ತು. ಕಾಯುವುದೂ ಪುಕ್ಕಟೆಯಲ್ಲ, 60 ದಾಟಿದ ಮೂಳೆ ಸ್ಕ್ರೂವನ್ನು ಇಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಆದರೆ 38ಕ್ಕೆ ಒಂದೆರಡು ವರ್ಷ ಸರಿಯಾಗಿ ಅಳೆಯುತ್ತಾ ಕಾದರೆ ಆ ಬಾಗಿಲೇನೂ ಮುಚ್ಚುವುದಿಲ್ಲ.

ಆಪರೇಷನ್ ಮಾಡಿಸಿದರೆ, ಮನೆಗೆ ಬಂದ ಮೇಲೆ ಮೊದಲ ಮೂರು ತಿಂಗಳು ಬಗ್ಗುವುದು, ತಿರುಚುವುದು ಬೇಡ, 4-5 ಕೆಜಿಗಿಂತ ಹೆಚ್ಚು ಎತ್ತುವುದೂ ಬೇಡ. ತುಂಬಿದ ಬಕೆಟ್ಟೇ 15 ಕೆಜಿ ಆಗುತ್ತದೆ. ಕಮೋಡಿಗೆ ಎತ್ತರದ ಸೀಟು, ಮಂಡಿಯೆತ್ತರದ ಮಂಚ ಮೊದಲೇ ತಯಾರಿರಲಿ.

ವಿಮೆ ಈಗಲೇ ನೋಡಿ. ಹೊಸ ಪಾಲಿಸಿಯಲ್ಲಿ ಇದನ್ನು ಮೊದಲೇ ಇದ್ದ ಕಾಯಿಲೆ ಎಂದು ಪರಿಗಣಿಸಿ 36 ತಿಂಗಳವರೆಗೆ ಕಾಯಿಸಬಹುದು. ಮುಚ್ಚಿಟ್ಟರೆ ಕ್ಲೇಮು ತಿರಸ್ಕಾರವಾಗುತ್ತದೆ. ಬರೆದೇ ಕೊಡಿ, ಸ್ಕ್ರೂ-ರಾಡುಗಳ ವೆಚ್ಚಕ್ಕೆ ಮಿತಿ ಇದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ.