ಏಳು ಮಂಡಲಗಳ ಕಾಸರಗೋಡು

ಕಾಸರಗೋಡಿನಲ್ಲಿ ಇಷ್ಟು ಮಂದಿ ಕನ್ನಡಿಗರಿದ್ದೂ ಲೋಕಸಭೆಗೆ ಒಬ್ಬ ಕನ್ನಡಿಗನನ್ನು ಏಕೆ ಗೆಲ್ಲಿಸುವುದಿಲ್ಲ ಎಂದು ಗಡಿಯ ತಲಪಾಡಿಯ ಆಚೆ ಕರ್ನಾಟಕದಿಂದ ಬರುವವರು ಸಾಮಾನ್ಯವಾಗಿ ಕೇಳುತ್ತಾರೆ. ನೀವೂ ಅದನ್ನೇ ಕೇಳಿದ್ದೀರಿ. ಉತ್ತರಕ್ಕೆ ಮೊದಲು ಪ್ರಶ್ನೆಯನ್ನು ಸ್ವಲ್ಪ ತಿದ್ದಬೇಕಾಗಿದೆ. ಗೆಲ್ಲಿಸಿದ್ದೇವೆ, ಅದೂ 1980ರಿಂದ 1996ರವರೆಗೆ ಎಡೆಬಿಡದೆ. ಆದರೆ ಗೆದ್ದವರು ಕನ್ನಡದ ಹೆಸರಿನಲ್ಲಿ ಗೆಲ್ಲಲಿಲ್ಲ, ಪಕ್ಷದ ಹೆಸರಿನಲ್ಲಿ ಗೆದ್ದರು. ಅದು ಹೀಗೇಕೆ ಆಯಿತೆಂದು ತಿಳಿಯಲು ಕ್ಷೇತ್ರದ ನಕ್ಷೆಯನ್ನು ಒಮ್ಮೆ ನೋಡಬೇಕು.

ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಏಳು ವಿಧಾನಸಭಾ ಮಂಡಲಗಳಿವೆ (ನೀವು ಕ್ಷೇತ್ರ ಎನ್ನುವುದನ್ನು ಮಲಯಾಳದ ಪ್ರಭಾವದಿಂದ ನಾವು ಮಂಡಲ ಎನ್ನುತ್ತೇವೆ). ಮಂಜೇಶ್ವರ, ಕಾಸರಗೋಡು, ಉದುಮ, ಕಾಞಂಗಾಡು, ತೃಕ್ಕರಿಪುರ ನಮ್ಮ ಜಿಲ್ಲೆಯವು; ಪಯ್ಯನ್ನೂರು ಮತ್ತು ಕಲ್ಯಾಶ್ಶೇರಿ ಕಣ್ಣೂರು ಜಿಲ್ಲೆಯವು. ಕನ್ನಡ ಮತ್ತು ತುಳು ಮಾತನಾಡುವವರು ಗಣನೀಯವಾಗಿರುವುದು ಮೊದಲ ಎರಡರಲ್ಲಿ ಮಾತ್ರ. ಉದುಮಕ್ಕೆ ಸೇರಿದ ಮುಳಿಯಾರು, ದೇಲಂಪಾಡಿಯ ಕಡೆ ಒಂದಿಷ್ಟು ಮನೆಗಳಿವೆ ಎಂಬುದನ್ನು ಬಿಟ್ಟರೆ ಚಂದ್ರಗಿರಿ ಹೊಳೆಯಿಂದ ದಕ್ಷಿಣಕ್ಕೆ ಚುನಾವಣೆಯ ಭಾಷೆ ಪೂರ್ತಿಯಾಗಿ ಮಲಯಾಳವೇ.

ಆ ದಕ್ಷಿಣಭಾಗ ಕೆಂಪಾದದ್ದು ಕೇರಳ ರಾಜ್ಯ ಹುಟ್ಟುವುದಕ್ಕೂ ಮೊದಲು. ರೈತ ಹೋರಾಟದ ನಾಲ್ವರನ್ನು ಬ್ರಿಟಿಷರು 1943ರಲ್ಲಿ ಗಲ್ಲಿಗೇರಿಸಿದ ಪ್ರಕರಣದ ಕಯ್ಯೂರು ಅಂದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಗ್ರಾಮ, ಇಂದು ತೃಕ್ಕರಿಪುರ ಮಂಡಲದ್ದು. 1956ರ ನವೆಂಬರ್ 1ರಂದು ನಾವು ಕೇರಳದ ಪಾಲಾದೆವು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಇಲ್ಲಿಂದ ಗೆದ್ದವರು ಕಮ್ಯೂನಿಸ್ಟ್ ನಾಯಕ ಎ.ಕೆ. ಗೋಪಾಲನ್. 1962ರಲ್ಲಿಯೂ ಅವರೇ ಗೆದ್ದರು, ಪಕ್ಷ ಒಡೆದ ಮೇಲೆ 1967ರಲ್ಲಿ ಸಿಪಿಎಂನಿಂದ ಮತ್ತೆ ಅವರೇ ಗೆದ್ದರು.

ಆ 1967ನ್ನು ನೀವು ಗಮನಿಸಬೇಕು. ಲೋಕಸಭೆಗೂ ವಿಧಾನಸಭೆಗೂ ಆಗ ಒಟ್ಟಿಗೇ ಮತದಾನ ನಡೆಯಿತು. ಕೇರಳದೊಂದಿಗಿನ ವಿಲೀನವನ್ನು ವಿರೋಧಿಸಿದ ಕರ್ನಾಟಕ ಸಮಿತಿಯ ಬಲದಲ್ಲಿ ಪಕ್ಷೇತರರಾಗಿ ನಿಂತ ಕೆ. ಮಹಾಬಲ ಭಂಡಾರಿ ಮಂಜೇಶ್ವರದಲ್ಲಿಯೂ ಯು.ಪಿ. ಕುಣಿಕುಳ್ಳಾಯ ಕಾಸರಗೋಡಿನಲ್ಲಿಯೂ ಗೆದ್ದರು. ಅಂದರೆ ಹೊಳೆಯ ಉತ್ತರದ ಎರಡೂ ಮಂಡಲಗಳು ಕರ್ನಾಟಕ ಬೇಕೆಂದ ಅಭ್ಯರ್ಥಿಗಳನ್ನು ತಿರುವನಂತಪುರಕ್ಕೆ ಕಳುಹಿಸಿದವು, ಆದರೆ ದೆಹಲಿಗೆ ಯಾರು ಹೋಗಬೇಕೆಂಬುದನ್ನು ದಕ್ಷಿಣದ ಮಂಡಲಗಳು ತೀರ್ಮಾನಿಸಿದವು. ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು, ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ ವರದಿ ಕೊಟ್ಟದ್ದೂ ಅದೇ ವರ್ಷ. ವರದಿ ಜಾರಿಗೆ ಬರಲಿಲ್ಲ, ಸಮಿತಿಯ ಬಲವೂ ಕ್ರಮೇಣ ಕುಗ್ಗಿತು. ಅದಕ್ಕೆ ಕಾರಣ ಹುಡುಕುವವರು 1970ರಲ್ಲಿ ಜಾರಿಗೆ ಬಂದ ಭೂಸುಧಾರಣೆಯನ್ನು ಮರೆಯಬಾರದೆಂಬುದು ನನ್ನ ಅಭಿಪ್ರಾಯ. ಗೇಣಿಗೆ ದುಡಿಯುತ್ತಿದ್ದ ಒಕ್ಕಲಿಗೆ ಭೂಮಿಯ ಹಕ್ಕು ದೊರೆತ ಮೇಲೆ ಅವನ ರಾಜಕೀಯದಲ್ಲಿ ಭಾಷೆಯ ಜತೆ ಬೇರೆ ಲೆಕ್ಕವೂ ಸೇರಿಕೊಂಡಿತು.

1971ರಲ್ಲಿ ಕಾಂಗ್ರೆಸ್ಸಿನ ಯುವಕ ಕಡನ್ನಪ್ಪಳ್ಳಿ ರಾಮಚಂದ್ರನ್, ಮುಂದೆ ಮೂರು ಬಾರಿ ಮುಖ್ಯಮಂತ್ರಿಯಾದ ಸಿಪಿಎಂನ ಇ.ಕೆ. ನಾಯನಾರ್ ಅವರನ್ನೇ ಇಲ್ಲಿ ಸೋಲಿಸಿದರು. ತುರ್ತುಪರಿಸ್ಥಿತಿಯ ಬಳಿಕ 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದರೂ ಕೇರಳದ ಇಪ್ಪತ್ತು ಸ್ಥಾನಗಳು ಅದರ ಮೈತ್ರಿಕೂಟಕ್ಕೇ ಹೋದವು. ರಾಮಚಂದ್ರನ್ ಎರಡನೆಯ ಸಲ ಗೆದ್ದರು. (ಅದೇ ರಾಮಚಂದ್ರನ್ ಅನಂತರ ಸಿಪಿಎಂ ನೇತೃತ್ವದ ಎಡರಂಗ ಸೇರಿ ಮಂತ್ರಿಯಾದರು. ನಮ್ಮಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ.)

ಇಲ್ಲಿಂದ ಮುಂದಿನದು ನಾನು ಮೊದಲು ಹೇಳಿದ ಕಾಲ. 1980ರಲ್ಲಿ ಸಿಪಿಎಂನ ಎಂ. ರಾಮಣ್ಣ ರೈ ಅವರು ಜನತಾ ಪಕ್ಷದಿಂದ ನಿಂತ ಒ. ರಾಜಗೋಪಾಲ್ ಅವರನ್ನು ಸೋಲಿಸಿ ಸಂಸತ್ತಿಗೆ ಹೋದರು. ಇಂದಿರಾ ಗಾಂಧಿಯವರ ಹತ್ಯೆಯ ಬಳಿಕ 1984ರಲ್ಲಿ ಕಾಂಗ್ರೆಸ್ಸಿನ ಐ. ರಾಮ ರೈ ಗೆದ್ದರು. 1989ರಲ್ಲಿ ರಾಮಣ್ಣ ರೈ ಸ್ಥಾನವನ್ನು ಮರಳಿ ಪಡೆದರು. 1991ರಲ್ಲಿ, ಇಂದು ಎಐಸಿಸಿಯ ಪ್ರಧಾನ ಕಾರ್ಯದರ್ಶಿಯಾಗಿರುವ, ಆಗ ಇನ್ನೂ ಎಳೆಯ ವಯಸ್ಸಿನ ಕೆ.ಸಿ. ವೇಣುಗೋಪಾಲ್ ಅವರ ಎದುರು ಮತ್ತೆ ಗೆದ್ದರು. ಎಡರಂಗವೂ ಕಾಂಗ್ರೆಸ್ ನೇತೃತ್ವದ ಐಕ್ಯರಂಗವೂ ಉತ್ತರದ ರೈಗಳನ್ನೇ ಆರಿಸಿಕೊಂಡದ್ದರಲ್ಲಿ ಭಾಷಾಪ್ರೇಮಕ್ಕಿಂತ ಲೆಕ್ಕಾಚಾರವೇ ಹೆಚ್ಚಾಗಿತ್ತು ಎಂದು ನಾನು ತಿಳಿಯುತ್ತೇನೆ: ದಕ್ಷಿಣದ ಮತಗಳು ಪಕ್ಷಕ್ಕೆ ಹೇಗೂ ಕಟ್ಟಿಟ್ಟವು, ಅಭ್ಯರ್ಥಿಯ ಮುಖ ನೋಡಿ ಒಲಿಯುವ ಮತಗಳಿದ್ದುದು ಹೊಳೆಯ ಈಚೆ ದಡದಲ್ಲಿ.

1996ರಿಂದ ಟಿ. ಗೋವಿಂದನ್ ಮೂರು ಸಲ, 2004ರಿಂದ ಪಿ. ಕರುಣಾಕರನ್ ಮೂರು ಸಲ ಗೆದ್ದರು. ಕರುಣಾಕರನ್ ಎ.ಕೆ. ಗೋಪಾಲನ್ ಅವರ ಅಳಿಯ. ಹೀಗೆ 1989ರಿಂದ ಸಿಪಿಎಂ ಸತತ ಎಂಟು ಚುನಾವಣೆ ಗೆದ್ದಿತು, ಆದರೆ 2014ರಲ್ಲಿ ಅಂತರ ಏಳು ಸಾವಿರವನ್ನೂ ಮುಟ್ಟಲಿಲ್ಲ. 2019ರಲ್ಲಿ ಕೋಟೆ ಬಿತ್ತು. ಆ ವರ್ಷದ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಪೆರಿಯದಲ್ಲಿ ನಡೆದ ಇಬ್ಬರು ಯುವ ಕಾಂಗ್ರೆಸ್ ಕಾರ್ಯಕರ್ತರ ಕೊಲೆ, ಶಬರಿಮಲೆ ವಿವಾದ, ವಯನಾಡಿನಿಂದ ರಾಹುಲ್ ಗಾಂಧಿಯವರ ಸ್ಪರ್ಧೆ ಒಟ್ಟುಸೇರಿ ಕಾಂಗ್ರೆಸ್ಸಿನ ರಾಜ್‌ಮೋಹನ್ ಉಣ್ಣಿತ್ತಾನ್ ಅವರು 40,438 ಮತಗಳಿಂದ ಗೆದ್ದರು. 2024ರಲ್ಲಿ ಅವರ ಅಂತರ ಒಂದು ಲಕ್ಷ ದಾಟಿತು.

ಬಿಜೆಪಿ 2019ರಲ್ಲಿ ರವೀಶ ತಂತ್ರಿ ಕುಂಟಾರು ಅವರನ್ನು, 2024ರಲ್ಲಿ ಎಂ.ಎಲ್. ಅಶ್ವಿನಿ ಅವರನ್ನು, ಅಂದರೆ ಎರಡು ಸಲವೂ ಉತ್ತರದವರನ್ನು ನಿಲ್ಲಿಸಿತು. ಅಶ್ವಿನಿ ಎರಡು ಲಕ್ಷಕ್ಕೂ ಹೆಚ್ಚು ಮತ ಪಡೆದರೂ ಮೂರನೆಯ ಸ್ಥಾನದಲ್ಲಿ ಉಳಿದರು.

ಗಡಿನಾಡಿನ ಕನ್ನಡಿಗನ ಮತಕ್ಕೆ ನಿಜವಾಗಿ ತೂಕವಿರುವುದನ್ನು ನೋಡಬೇಕಾದರೆ ನೀವು ಮಂಜೇಶ್ವರದ ವಿಧಾನಸಭಾ ಚುನಾವಣೆಗೆ ಬನ್ನಿ. 2016ರಲ್ಲಿ ಬಿಜೆಪಿಯ ಕೆ. ಸುರೇಂದ್ರನ್ ಇಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಎದುರು ಸೋತದ್ದು 89 ಮತಗಳಿಂದ, ಹೆಸರಿನಲ್ಲಿ ಸುರೇಂದ್ರನ್ ಅವರನ್ನೇ ಹೋಲುವ ಬಿಎಸ್‌ಪಿ ಅಭ್ಯರ್ಥಿಗೆ ಅಂದು ಬಿದ್ದದ್ದು 467 ಮತ. 2021ರಲ್ಲಿ ಸುರೇಂದ್ರನ್ ಅವರನ್ನು 745 ಮತಗಳಿಂದ ಸೋಲಿಸಿದ ಲೀಗಿನ ಎ.ಕೆ.ಎಂ. ಅಶ್ರಫ್ ತಿರುವನಂತಪುರದ ಸದನದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದು ಕನ್ನಡದಲ್ಲಿ.