ಕ್ಯಾಂಪಸ್‌ನ ಪ್ರಕಟಣೆಗಳು ಕೊನೆ ದಿನ ದಾಟಿದ ಮೇಲೆ ಗೊತ್ತಾಗುತ್ತವೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನನ್ನ ಎಂ.ಎಸ್ಸಿ. ದಿನಗಳು ನೆನಪಾದವು. ಹಳ್ಳಿಯಿಂದ ಬಂದು ಮೊದಲ ವರ್ಷದ ಎಂ.ಎಸ್ಸಿ.ಗೆ ಸೇರಿದ್ದೀರಿ, ಹಾಸ್ಟೆಲಿನಲ್ಲಿದ್ದೀರಿ. ಸ್ಕಾಲರ್‌ಶಿಪ್, ಬೇಸಿಗೆ ಫೆಲೋಶಿಪ್, ಪರೀಕ್ಷೆ, ಸ್ಪರ್ಧೆ ಯಾವುದರ ಸುದ್ದಿಯೂ ಸಮಯಕ್ಕೆ ಸಿಗುತ್ತಿಲ್ಲ. "ಬೇರೆಯವರಿಗೆಲ್ಲ ಮೊದಲೇ ಹೇಗೆ ಗೊತ್ತಾಗುತ್ತದೆ?" ಅಂತ ಕೇಳಿದ್ದೀರಿ.

ಬೇರೆಯವರಿಗೆಲ್ಲ ಗೊತ್ತಾಗುವುದಿಲ್ಲ. ಮನೆಯಲ್ಲಿ ಓದಿದವರಿದ್ದರೆ, ಅಕ್ಕನೋ ಅಣ್ಣನೋ ಇದೇ ದಾರಿಯಲ್ಲಿ ಹೋಗಿದ್ದರೆ ಅವರಿಗೆ ಗೊತ್ತಾಗುತ್ತದೆ. ಉಳಿದವರು ನಿಮ್ಮ ಹಾಗೆ, ನನ್ನ ಹಾಗೆ. ಆದ್ದರಿಂದ ಇದು ನಿಮ್ಮ ಸೋಮಾರಿತನ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ನಾನು ಓದಿದ್ದು ಭೌತಶಾಸ್ತ್ರ. ನಮ್ಮ ವಿಭಾಗದ ನೋಟಿಸ್ ಬೋರ್ಡಿಗೆ ಗಾಜಿನ ಬಾಗಿಲು, ಅದಕ್ಕೊಂದು ಬೀಗ. ಒಳಗೆ ಕಾಗದದ ಮೇಲೆ ಕಾಗದ ಪಿನ್ ಮಾಡಿರುತ್ತಿದ್ದರು. ಮೊದಲ ವರ್ಷದ ಡಿಸೆಂಬರ್‌ನಲ್ಲಿ ಪರೀಕ್ಷೆ ಶುಲ್ಕದ ನೋಟಿಸ್ ತೆಗೆಯುವಾಗ ಅದರ ಕೆಳಗಿನ ಹಾಳೆ ಕಾಣಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನ ಪ್ರಕಟಣೆ ಅದು. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ, ಕೈಗೆ ಸ್ಟೈಪೆಂಡ್, ರೈಲು ಖರ್ಚು. ಕೊನೆ ದಿನ ಆಗಲೇ ಮುಗಿದಿತ್ತು. ಮುಂದಿನ ವರ್ಷ ಹಾಕೋಣ ಅಂದರೆ ಅಷ್ಟು ಹೊತ್ತಿಗೆ ನನ್ನ ಕೋರ್ಸೇ ಮುಗಿಯುತ್ತಿತ್ತು. ಆ ಬೇಸಿಗೆ ಮನೆಯಲ್ಲೇ ಕಳೆಯಿತು.

ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತಾ ನಿಂತಿದ್ದೆ. ಅದರಲ್ಲಿ ಎರಡು ದಿನಾಂಕ ಇದ್ದವು. ಮೇಲ್ಗಡೆ ಪತ್ರದ ದಿನಾಂಕ. ಮೂಲೆಯಲ್ಲಿ ಪತ್ರ ವಿಭಾಗಕ್ಕೆ ಬಂದ ದಿನ ತೋರಿಸುವ ನೇರಳೆ ಬಣ್ಣದ ಇನ್‌ವರ್ಡ್ ಸೀಲು, ಅದರೊಳಗೆ ಪೆನ್ನಿನಲ್ಲಿ ಬರೆದ ಇನ್ನೊಂದು ದಿನಾಂಕ. ನಡುವೆ 18 ದಿನ ಕಳೆದಿತ್ತು. ಬಂದ ಪತ್ರ ಮೊದಲು ಮುಖ್ಯ ಕಚೇರಿಗೆ ಹೋಗುತ್ತದೆ. ಅಲ್ಲಿ ಒಂದು ಸುತ್ತೋಲೆ ತಯಾರಾಗಿ ವಿಭಾಗಗಳಿಗೆ ಬರುತ್ತದೆ. ವಿಭಾಗದ ಮುಖ್ಯಸ್ಥರು ನೋಡಿ ಸಹಿ ಹಾಕಬೇಕು. ಆಮೇಲೆ ಬೋರ್ಡಿನ ಕೀಲಿ ಇರುವವರು ರಜೆಯಲ್ಲಿರಬಾರದು. ಇಷ್ಟರಲ್ಲಿ ಯಾರೂ ಬೇಕಂತ ತಡ ಮಾಡಿರುವುದಿಲ್ಲ, ಆದರೂ ಅರ್ಜಿಯ ಅರ್ಧ ಸಮಯ ಮೇಜುಗಳ ಮೇಲೆಯೇ ಹೋಗಿರುತ್ತದೆ.

ಈಗ ನಾನು ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ನನ್ನ ವಿದ್ಯಾರ್ಥಿಗಳಿಗೆ ಮೊದಲು ಹೇಳುವುದು ಇದನ್ನೇ: ನೋಟಿಸ್ ಬೋರ್ಡು ಸುದ್ದಿಯ ಕೊನೆಯ ನಿಲ್ದಾಣ. ಅಲ್ಲಿ ಕಾಯಬೇಡಿ. ದೊಡ್ಡ ಅವಕಾಶಗಳು ಬಹುತೇಕ ಪ್ರತಿ ವರ್ಷ ಅದೇ ತಿಂಗಳ ಆಸುಪಾಸಿನಲ್ಲೇ ಬರುತ್ತವೆ. ತಾರೀಖು ಆಚೀಚೆ ಆಗಬಹುದು, ಋತು ಬದಲಾಗುವುದಿಲ್ಲ. ಯಾವ ತಿಂಗಳಲ್ಲಿ ಏನು ಅಂತ ಗೊತ್ತಿದ್ದರೆ ನೀವೇ ಹೋಗಿ ಮೂಲದಲ್ಲಿ ನೋಡಬಹುದು.

ನಿಮ್ಮಂಥವರಿಗೆ ಜಾಸ್ತಿ ಮುಖ್ಯವಾದದ್ದು ಗಣಪತಿ ಹಬ್ಬದಿಂದ ದೀಪಾವಳಿವರೆಗಿನ ಕಾಲ. ಮೂರು ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಕರೆಯುವುದು ಆಗ. ಬೇಸಿಗೆಯ ಕೆಲಸಕ್ಕೆ ಹಿಂದಿನ ವರ್ಷದ ಮಳೆಗಾಲದ ಕೊನೆಯಲ್ಲೇ ಅರ್ಜಿ ಅಂದರೆ ಯಾರಿಗೂ ಹೊಳೆಯುವುದಿಲ್ಲ, ಅಲ್ವಾ? ಬಿ.ಎಸ್ಸಿ. ಓದುತ್ತಿರುವ ತಮ್ಮ ತಂಗಿಯರು ಇದ್ದರೆ ಅವರಿಗೂ ಹೇಳಿ: ಐಐಟಿಗಳಲ್ಲಿ ಎಂ.ಎಸ್ಸಿ. ಮಾಡಲು ಬರೆಯಬೇಕಾದ ಜಾಮ್ ಪರೀಕ್ಷೆ ಫೆಬ್ರುವರಿಯಲ್ಲಿ ನಡೆದರೂ ಅರ್ಜಿ ಹಾಕುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಡಿಸೆಂಬರ್‌ನಲ್ಲಿ ಎಚ್ಚರವಾದರೆ ಒಂದು ವರ್ಷ ಹೋಯಿತು.

ಇದಾದ ಮೇಲೆ ಬೇರೆ ಸಂಸ್ಥೆಗಳ ಬೇಸಿಗೆ ಕಾರ್ಯಕ್ರಮಗಳಿವೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ್ದೊಂದು, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯದ್ದೊಂದು. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಇವೂ ಹೊರಗಿನ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತವೆ. ಬೆಂಗಳೂರು ನಮಗೆ ಒಂದು ರಾತ್ರಿಯ ಬಸ್ಸಿನ ದೂರ. ದೂರದ ರಾಜ್ಯಗಳ ಮಕ್ಕಳು ಎರಡು ದಿನ ರೈಲಿನಲ್ಲಿ ಕೂತು ಇಲ್ಲಿಗೆ ಬರುತ್ತಾರೆ. ನಮ್ಮ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಇದು ನನಗೆ ನಿಜವಾಗಿ ಬೇಜಾರು ತರುವ ವಿಷಯ.

ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್. ಅದಕ್ಕೆ ಜೂನ್ ಮತ್ತು ಡಿಸೆಂಬರ್ ಅಂತ ಎರಡು ಸರದಿ. ಅರ್ಜಿ ಅದಕ್ಕಿಂತ ಮುಂಚೆ ಕರೆಯುತ್ತಾರೆ. ಅದೇ ಥರದ ರಾಜ್ಯಮಟ್ಟದ ಪರೀಕ್ಷೆ ಕೆ-ಸೆಟ್ ಬಗ್ಗೆ ಹಳೆಯ ಮಾಹಿತಿ ನಂಬಬೇಡಿ. ಮೊದಲು ಮೈಸೂರು ವಿಶ್ವವಿದ್ಯಾನಿಲಯ ನಡೆಸುತ್ತಿತ್ತು. 2023ರ ಪ್ರಕಟಣೆಯಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಇವತ್ತಿಗೂ ಕೆಲವರು ಹಳೆಯ ಜಾಲತಾಣವನ್ನೇ ತೆರೆದು "ಇನ್ನೂ ಬಂದಿಲ್ಲ" ಅಂತ ಕೂತಿರುತ್ತಾರೆ.

ತಿಂಗಳು ಗೊತ್ತಾಯಿತು ಅಂದುಕೊಳ್ಳಿ. ಅಲ್ಲಿಗೆ ಅರ್ಧ ಕೆಲಸ. ಇನ್ನರ್ಧ ಶಿಫಾರಸು ಪತ್ರ. ಬೇಸಿಗೆ ಫೆಲೋಶಿಪ್‌ಗಳಿಗೆ ಬಹುತೇಕ ಎಲ್ಲಕ್ಕೂ ನಿಮ್ಮನ್ನು ಬಲ್ಲ ಒಬ್ಬ ಅಧ್ಯಾಪಕರ ಪತ್ರ ಬೇಕು. ನಮ್ಮ ಕಡೆಯ ಮಕ್ಕಳು ಸೋಲುವುದು ಇಲ್ಲಿ. ಅಂಕ ಇರುತ್ತದೆ, ಕೇಳಲು ಬಾಯಿ ಬರುವುದಿಲ್ಲ. ಕೊನೆ ದಿನದ ಹಿಂದಿನ ಸಂಜೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ಸರ್, ಒಂದು ಸಹಿ" ಅನ್ನುತ್ತಾರೆ. ಆಗ ಯಾವ ಮೇಷ್ಟರು ತಾನೇ ಒಳ್ಳೆಯ ಪತ್ರ ಬರೆದಾರು? ಮೂರು ವಾರ ಮೊದಲೇ ಹೋಗಿ. "ಸರ್, ನಿಮ್ಮ ಕ್ವಾಂಟಮ್ ಮೆಕ್ಯಾನಿಕ್ಸ್ ಪೇಪರಿನಲ್ಲಿ ಇಷ್ಟು ಬಂದಿದೆ, ಸೆಮಿನಾರಿನಲ್ಲಿ ಈ ವಿಷಯ ಮಾತಾಡಿದ್ದೆ, ಈ ಫೆಲೋಶಿಪ್‌ಗೆ ಹಾಕಬೇಕು ಅಂತಿದ್ದೇನೆ" ಅಂತ ಹೇಳಿ. ಒಂದು ಹಾಳೆಯಲ್ಲಿ ನಿಮ್ಮ ಅಂಕ, ಮಾಡಿದ ಪ್ರಾಜೆಕ್ಟ್, ಕೊನೆ ದಿನ ಬರೆದು ಕೈಗೆ ಕೊಡಿ. ವಾರ ಬಿಟ್ಟು ಒಮ್ಮೆ ನೆನಪಿಸಿ. ಇದರಲ್ಲಿ ಸಂಕೋಚ ಬೇಡ. ಮೇಷ್ಟರಿಗೆ ಇದು ಹೊರೆಯಲ್ಲ. ನಾನೂ ಈಗ ಆ ಕಡೆ ಕೂತಿದ್ದೇನೆ, ನನಗೆ ಗೊತ್ತು. ಒಂದು ಹುಡುಗಿ ಸಮಯಕ್ಕೆ ಬಂದು ಕೇಳಿದಳು ಅಂದರೆ ಅವತ್ತು ಇಡೀ ದಿನ ಖುಷಿ ಇರುತ್ತದೆ.

ಈಗ ಸ್ಕಾಲರ್‌ಶಿಪ್. ನೀವು ವಿವರ ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ. ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆ ಹೀಗೆ ಹಲವು ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳು ಒಂದೇ ಕಡೆ ಸಿಗುತ್ತವೆ. ಇಲ್ಲಿ ತಡವಾಗುವುದು ಪ್ರಕಟಣೆಯಿಂದಲ್ಲ, ಕಾಗದಗಳಿಂದ. ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಅದಕ್ಕೆ ನಾಡಕಚೇರಿಗೆ ಹೋಗಬೇಕು. ಊರು ದೂರ ಇದ್ದರೆ ಒಂದು ದಿನ ಪೂರ್ತಿ ಅದಕ್ಕೇ. ಕಾಲೇಜಿನ ದಾಖಲೆಗಳಿಗೆ ಇ-ದೃಢೀಕರಣ ಮಾಡಿಸಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ ಇದ್ದು ಆಧಾರ್‌ನಲ್ಲಿ ಮುಂದೆ ಇದ್ದರೂ ಕೆಲವೊಮ್ಮೆ ತಕರಾರು ಬರುತ್ತದೆ. ದಸರಾ ರಜೆಗೆ ಊರಿಗೆ ಹೋದಾಗ ಇವನ್ನೆಲ್ಲ ಮುಗಿಸಿಕೊಂಡು ಬನ್ನಿ.

ಇದರಲ್ಲಿ ಒಂದು ಸಂಗತಿ ಮಾತ್ರ ಬಿಡಿಸಿ ಹೇಳಬೇಕು. ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದೇನೆ ಅಂದರೆ ಸಾಲದು, ಸೀಡಿಂಗ್ ಆಗಿರಬೇಕು, ಅಂದರೆ ಸರ್ಕಾರದ ದುಡ್ಡು ಈ ಬ್ಯಾಂಕಿಗೇ ಬರಲಿ ಅಂತ ಆಧಾರ್ ಜೊತೆ ಜೋಡಣೆ ಆಗಿರಬೇಕು. ಸರ್ಕಾರದ ದುಡ್ಡು ಬರುವುದು ನೀವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗಲ್ಲ, ನಿಮ್ಮ ಆಧಾರ್‌ಗೆ ಕೊನೆಯದಾಗಿ ಸೀಡ್ ಆದ ಖಾತೆಗೆ. ಹೋದ ವರ್ಷ ನನ್ನ ತರಗತಿಯ ಒಬ್ಬ ಹುಡುಗಿ "ಮೇಡಂ, ಎಲ್ಲರಿಗೂ ಬಂತು, ನನಗೆ ಬಂದಿಲ್ಲ" ಅಂತ ಅಳುತ್ತಾ ಬಂದಳು. ಇಬ್ಬರೂ ಕೂತು ಆಧಾರ್ ಜಾಲತಾಣದಲ್ಲಿ ನೋಡಿದೆವು. ಹೈಸ್ಕೂಲಿನಲ್ಲಿದ್ದಾಗ ಊರಿನಲ್ಲಿ ತೆರೆದಿದ್ದ ಬ್ಯಾಂಕಿನ ಹೆಸರು ತೋರಿಸಿತು. ಪಾಸ್‌ಬುಕ್ ಅವಳ ಅಮ್ಮನ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿತ್ತು. ದುಡ್ಡು ಬಂದು ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳು ಅವಳು ಬಸ್ ಪಾಸಿಗೆ ಗೆಳತಿಯ ಹತ್ತಿರ ಸಾಲ ಮಾಡಿದ್ದಳು. ಈ ಸೀಡಿಂಗ್ ಯಾವ ಬ್ಯಾಂಕಿಗಿದೆ ಅಂತ ನೋಡಲು ಫೋನಿನಲ್ಲಿ ಐದು ನಿಮಿಷ ಸಾಕು.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಗೆಳೆಯರಿಗೆ ವಿದ್ಯಾಸಿರಿ ಇದೆ ಅಂತ ಹೇಳಿ. ಊಟ, ವಸತಿಗೆ ತಿಂಗಳಿಗೆ ಇಷ್ಟು ಅಂತ 10 ತಿಂಗಳು ದುಡ್ಡು ಕೊಡುವ ಯೋಜನೆ. ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದ ಪರಿಶಿಷ್ಟ ಜಾತಿ, ಪಂಗಡದವರಿಗೆ ಪ್ರೋತ್ಸಾಹಧನ ಬೇರೆ ಇದೆ. ಎರಡಕ್ಕೂ ಅರ್ಹರಾಗಿದ್ದು ಅರ್ಜಿ ಹಾಕದವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ವಿಶ್ವವಿದ್ಯಾಲಯಗಳಲ್ಲಿ ದಾನಿಗಳು ಇಟ್ಟ ದತ್ತಿ ಬಹುಮಾನಗಳೂ ಇರುತ್ತವೆ. ಇಂಥ ತಾಲ್ಲೂಕಿನವರಿಗೆ, ಇಂಥ ವಿಷಯದಲ್ಲಿ ಹೆಚ್ಚು ಅಂಕ ತೆಗೆದವರಿಗೆ ಅಂತ. ಪಟ್ಟಿ ಕಚೇರಿಯಲ್ಲಿ ಇರುತ್ತದೆ, ಕೇಳಿದವರಿಗೆ ತೋರಿಸುತ್ತಾರೆ.

ಕೇಳುವುದು ಯಾರನ್ನು ಅನ್ನುತ್ತೀರಾ? ನನ್ನ ಅನುಭವದಲ್ಲಿ ವಿಭಾಗದ ಕಚೇರಿಯಲ್ಲಿ ಟಪಾಲು ತೆರೆಯುವವರನ್ನು. ಎಫ್‌ಡಿಎ ಅಂದರೆ ಪ್ರಥಮ ದರ್ಜೆ ಸಹಾಯಕರು ಇರಬಹುದು, ಅಟೆಂಡರ್ ಇರಬಹುದು. ವಿಭಾಗಕ್ಕೆ ಬರುವ ಪ್ರತಿ ಪತ್ರವೂ ಮೊದಲು ಅವರ ಕೈಗೇ ಬರುವುದು. ವಾರಕ್ಕೊಮ್ಮೆ, ಊಟದ ಹೊತ್ತು ಬಿಟ್ಟು, "ಸರ್, ಸ್ಟೂಡೆಂಟ್ಸ್‌ಗೆ ಏನಾದರೂ ಬಂದಿದೆಯಾ?" ಅಂತ ಕೇಳಿ. ಎರಡು ತಿಂಗಳಾದ ಮೇಲೆ ಅವರೇ ಕರೆದು ಹೇಳುತ್ತಾರೆ. ಎರಡನೇ ವರ್ಷದಲ್ಲಿ ನನಗೆ ಹಾಗೇ ಆಯಿತು. ಒಂದು ವಿಶೇಷ ಉಪನ್ಯಾಸದ ವಿಷಯ ಬೋರ್ಡಿಗೆ ಹಾಕುವ ಮೊದಲೇ ನಮ್ಮ ಅಟೆಂಡರ್ ನನಗೆ ಹೇಳಿದರು. ಅಲ್ಲಿ ಬಂದಿದ್ದವರು ಹನ್ನೊಂದು ಜನ. ಉಪನ್ಯಾಸ ಮುಗಿದ ಮೇಲೆ ಬಂದಿದ್ದ ವಿಜ್ಞಾನಿಯ ಜೊತೆ ಕಾಫಿ ಕುಡಿಯುತ್ತಾ ಅರ್ಧ ಗಂಟೆ ಮಾತಾಡಿದೆ. ನನ್ನ ಪ್ರಾಜೆಕ್ಟಿಗೆ ವಿಷಯ ಸಿಕ್ಕಿದ್ದು ಆ ಮಾತಿನಲ್ಲಿ.

ಮೈಸೂರಿನ ಮಾನಸಗಂಗೋತ್ರಿಯಂಥ ಕ್ಯಾಂಪಸ್‌ನಲ್ಲಿ ಉದ್ಯೋಗ ಮಾಹಿತಿ ಮತ್ತು ಮಾರ್ಗದರ್ಶನ ಕೇಂದ್ರ ಅಂತಲೇ ಒಂದು ಕಚೇರಿ ಇದೆ. ನಿಮ್ಮಲ್ಲೂ ಅಂಥದ್ದು ಇದೆಯಾ ನೋಡಿ. ಜಾಲತಾಣದಲ್ಲಿ ಹುಡುಕುವಾಗ ಒಂದು ಎಚ್ಚರ. ಸುತ್ತೋಲೆಗಳನ್ನು ಹೆಚ್ಚಾಗಿ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕುತ್ತಾರೆ. ಅದು ಬರೀ ಚಿತ್ರ. ಅದರೊಳಗಿನ ಕನ್ನಡ ಅಕ್ಷರ ಹುಡುಕಾಟದಲ್ಲಿ ಸಿಗುವುದು ಕಷ್ಟ. ಸುಮ್ನೆ ಗೂಗಲ್ ಮಾಡಿ ಇಲ್ಲ ಅಂದುಕೊಳ್ಳಬೇಡಿ. ಸುತ್ತೋಲೆಗಳ ಪುಟವನ್ನೇ ತೆರೆದು ಮೇಲಿಂದ ಕೆಳಗೆ ಓದಿ.

ವಾಟ್ಸಾಪ್‌ನಲ್ಲಿ ಬರುವ ಉಚಿತ ಲ್ಯಾಪ್‌ಟಾಪ್, ಸ್ಕಾಲರ್‌ಶಿಪ್ ಲಿಂಕುಗಳನ್ನು ಒತ್ತಬೇಡಿ. ವಿದ್ಯಾರ್ಥಿವೇತನ ಕೊಡಿಸಲು ಯಾರಾದರೂ ದುಡ್ಡು ಅಥವಾ ಒಟಿಪಿ ಕೇಳಿದರೆ ಅಲ್ಲಿಗೇ ಬಿಡಿ.

ನಿಮ್ಮ ಹಾಸ್ಟೆಲಿನಲ್ಲಿ ಕನ್ನಡ ಎಂ.ಎ., ಇತಿಹಾಸ ಎಂ.ಎ. ಓದುವವರೂ ಇರುತ್ತಾರಲ್ಲ, ಅವಕಾಶ ಇರುವುದು ವಿಜ್ಞಾನದವರಿಗೆ ಮಾತ್ರ ಅಂತ ಅವರು ಕೈಚೆಲ್ಲಿರುತ್ತಾರೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಪ್ರೋತ್ಸಾಹಧನ ಕೊಡುತ್ತದೆ. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರ ಸಾಮಾನ್ಯವಾಗಿ ದಸರಾ ಆಸುಪಾಸಿನಲ್ಲಿ ನಡೆಯುತ್ತದೆ. ಎನ್‌ಎಸ್‌ಎಸ್‌ಗೆ ಸೇರಿದವರು ಎರಡು ವರ್ಷದಲ್ಲಿ 240 ಗಂಟೆ ಸೇವೆ, ಒಂದು ಏಳು ದಿನದ ಶಿಬಿರ ಮುಗಿಸಿದರೆ ಪ್ರಮಾಣಪತ್ರ ಸಿಗುತ್ತದೆ. ದೆಹಲಿಯ ಗಣರಾಜ್ಯೋತ್ಸವ ಪರೇಡಿಗೆ ಆಯ್ಕೆ ನಡೆಯುವುದೂ ಅದೇ ದಾರಿಯಲ್ಲಿ.

ನಾನು ಒಂದು ಕೆಲಸ ಮಾಡುತ್ತೇನೆ, ನೀವೂ ಮಾಡಬಹುದು. ಹಾಸ್ಟೆಲಿನ ಊಟದ ಹಾಲಿನ ಗೋಡೆಗೆ, ಕೈ ತೊಳೆಯುವ ಜಾಗದ ಹತ್ತಿರ ಒಂದು ದೊಡ್ಡ ಹಾಳೆ ಅಂಟಿಸಿ. ಹನ್ನೆರಡು ತಿಂಗಳು ಬರೆದು, ಪ್ರತಿ ತಿಂಗಳ ಮುಂದೆ ಜಾಗ ಬಿಡಿ. ಯಾರಿಗೆ ಏನು ಗೊತ್ತಾಯಿತೋ ಅವರು ಅಲ್ಲಿ ಬರೆಯಲಿ. ನಮ್ಮ ಕಾಲೇಜಿನಲ್ಲಿ ಮೊದಲ ತಿಂಗಳು ನಾನೊಬ್ಬಳೇ ಬರೆದೆ. ಮೂರನೇ ತಿಂಗಳಿಗೆ ಹಾಳೆ ತುಂಬಿ ಪಕ್ಕದಲ್ಲಿ ಇನ್ನೊಂದು ಅಂಟಿಸಬೇಕಾಯಿತು.

ನಿಮ್ಮ ವಿಷಯ ಯಾವುದು, ಈಗ ಯಾವ ಸೆಮಿಸ್ಟರ್ ಅಂತ ತಿಳಿಸಿ. ಮುಂದಿನ ಮೂರು ತಿಂಗಳಲ್ಲಿ ನೀವು ಯಾವ ಯಾವ ಬಾಗಿಲು ತಟ್ಟಬಹುದು ಅಂತ ಹೆಸರು ಹಿಡಿದು ಬರೆದು ಕಳಿಸುತ್ತೇನೆ.