ಪ್ರತಿಕ್ರಿಯೆ: ಪೈಥಾನ್‌ನಿಂದ ಎಲ್‌ಡ್ಯಾಪ್ (ಬಳಕೆದಾರರ ಡೈರೆಕ್ಟರಿಯನ್ನು ಹುಡುಕುವ ಪ್ರೋಟೋಕಾಲ್) ಸರ್ಚ್ ಮಾಡಿದರೆ 1000 ಬಳಕೆದಾರರು ಮಾತ್ರ ಬರುತ್ತಿದ್ದಾರೆ, ಉಳಿದವರು ಎಲ್ಲಿ?

ನಿಮ್ಮ ಫಿಲ್ಟರ್, ಅಂದರೆ ಹುಡುಕಾಟದ ಷರತ್ತು, ತಪ್ಪಿಲ್ಲ. ಸರಿಯಾಗಿ 1000ಕ್ಕೇ ನಿಲ್ಲುತ್ತಿದೆ ಅಂದರೆ ಅದು ಬಹುತೇಕ ಆಕ್ಟಿವ್ ಡೈರೆಕ್ಟರಿಯ (ಮೈಕ್ರೋಸಾಫ್ಟ್‌ನ ಡೈರೆಕ್ಟರಿ ಸರ್ವರ್) ಪುಟದ ಮಿತಿ, ಅಂದರೆ ಒಂದು ಉತ್ತರದಲ್ಲಿ ಅದು ಕೊಡುವ ಗರಿಷ್ಠ ಸಂಖ್ಯೆ. ಸರ್ವರ್ ಯಾವುದೆಂದು ನೀವು ಬರೆದಿಲ್ಲ, ಹಾಗಾಗಿ ಇದು ಅಂದಾಜು.

ಖಚಿತ ಮಾಡಿಕೊಳ್ಳಲು ಮೊದಲು ಸರ್ಚ್ ಆದ ಕೂಡಲೇ ಕನೆಕ್ಷನ್ನಿನ ರಿಸಲ್ಟ್ ಪ್ರಿಂಟ್ ಮಾಡಿ. ಕೋಡ್ 4 ಇದ್ದರೆ ಮಿತಿ ಮೀರಿದೆ ಎಂದರ್ಥ. ನೀವು ಬಳಸುತ್ತಿರುವುದು ಪೈಥಾನ್‌ನ ಎಲ್‌ಡ್ಯಾಪ್3 ಲೈಬ್ರರಿ ಆಗಿದ್ದರೆ ಅದು ತಾನಾಗಿ ಎಕ್ಸೆಪ್ಶನ್ ಎಸೆಯುವುದಿಲ್ಲ, ಎಸೆಯಬೇಕೆಂದು ನೀವೇ ಹೇಳಿರಬೇಕು. ಅದಕ್ಕೇ ಎರರ್ ಕಾಣದೆ ಪಟ್ಟಿ ಅರ್ಧಕ್ಕೆ ನಿಂತಿದೆ.

ಆಮೇಲೆ ಸಾಮಾನ್ಯ ಸರ್ಚ್ ಬದಲು ಅದೇ ಲೈಬ್ರರಿಯ ಪೇಜ್ಡ್ ಸರ್ಚ್ (ಪುಟ ಪುಟವಾಗಿ ತರುವ ಫಂಕ್ಷನ್) ಬಳಸಿ, ಪುಟದ ಗಾತ್ರ 500 ಕೊಡಿ. ಪ್ರತಿ ಪುಟದ ಜೊತೆ ಸರ್ವರ್ ಒಂದು ಕುಕಿ (ಎಲ್ಲಿಗೆ ನಿಂತಿತೆಂಬ ಗುರುತು) ಕಳಿಸುತ್ತದೆ. ಅದನ್ನು ಮುಂದಿನ ವಿನಂತಿಯಲ್ಲಿ ವಾಪಸ್ ಕೊಡಬೇಕು, ಖಾಲಿ ಕುಕಿ ಬಂದರೆ ಮುಗಿಯಿತು. ಈ ಫಂಕ್ಷನ್ ಅದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ. ಲೂಪ್ ಒಳಗೆ ಎಂಟ್ರಿಯ ಟೈಪ್ ಪರೀಕ್ಷಿಸಿ. ಡೊಮೇನಿನ ಬೇರಿನಿಂದ ಹುಡುಕಿದರೆ ನಡುನಡುವೆ ರೆಫರಲ್‌ಗಳೂ (ಬೇರೆ ಕಡೆ ಹುಡುಕಿ ಎಂಬ ಸೂಚನೆಗಳು) ಬರುತ್ತವೆ, ಅವನ್ನು ಬಿಡದಿದ್ದರೆ ಆಟ್ರಿಬ್ಯೂಟ್ ಓದುವ ಸಾಲು ಮುರಿದು ಬೀಳುತ್ತದೆ.

ಸರ್ವರಿನ ಮಿತಿಯನ್ನೇ ಏರಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಆ ಮಿತಿ ಇರುವುದು ಸರ್ವರಿನ ರಕ್ಷಣೆಗೇ.

ಗುಂಪಿನ ಸದಸ್ಯರ ಪಟ್ಟಿಯೂ ಬೇಕಿದ್ದರೆ ಅದರ ಕಥೆ ಬೇರೆ. ಆಕ್ಟಿವ್ ಡೈರೆಕ್ಟರಿಯಲ್ಲಿ ಒಂದು ಸಲಕ್ಕೆ 1500 ಮೌಲ್ಯಗಳಷ್ಟೇ ಸಿಗುತ್ತವೆ, ಉಳಿದದ್ದನ್ನು ರೇಂಜ್ (ಎಷ್ಟನೆಯದರಿಂದ ಎಷ್ಟನೆಯದರವರೆಗೆ) ಹಾಕಿ ಕೇಳಬೇಕು.

1000 ಅಲ್ಲ, 500ಕ್ಕೆ ನಿಲ್ಲುತ್ತಿದ್ದರೆ ಅದು ಓಪನ್‌ಎಲ್‌ಡ್ಯಾಪ್ ಎಂಬ ಇನ್ನೊಂದು ಡೈರೆಕ್ಟರಿ ಸರ್ವರ್ ಇರಬಹುದು. ಅಲ್ಲಿ ಒಟ್ಟು ಸಂಖ್ಯೆಗೇ ಮಿತಿ, ಪುಟ ಮಾಡಿದರೂ ಪ್ರಯೋಜನವಿಲ್ಲ. ನಿಮ್ಮ ಖಾತೆಗೆ ಮಾತ್ರ ಸೈಜ್ ಲಿಮಿಟ್ ಸಡಿಲಿಸಲು ಅಡ್ಮಿನ್‌ಗೆ ಹೇಳಿ.